ಪೆಡಲ್ ಚಾಲಿತ ಮೀನುಗಾರಿಕಾ ಕಯಾಕ್

ಪೆಡಲ್ ಚಾಲಿತ ಮೀನುಗಾರಿಕಾ ಕಯಾಕ್ ಎಂಬುದು ಕಾಲಿನಿಂದ ತುಳಿದು ಮುನ್ನಡೆಸುವ, ಸಾಮಾನ್ಯವಾಗಿ ಒಬ್ಬರೇ ಕುಳಿತುಕೊಳ್ಳಬಹುದಾದ ಕಿರಿದಾದ ದೋಣಿ. ಸಾಂಪ್ರದಾಯಿಕ ಕಯಾಕನ್ನು ಎರಡು ತುದಿಗಳಲ್ಲೂ ಅಲಗಿರುವ ಹುಟ್ಟಿನಿಂದ ನಡೆಸಲಾಗುತ್ತದೆ. ಪೆಡಲ್ ಕಯಾಕಿನಲ್ಲಿ ಆ ಕೆಲಸವನ್ನು ದೋಣಿಯ ತಳದಿಂದ ನೀರಿಗಿಳಿಯುವ ರೆಕ್ಕೆಗಳು ಅಥವಾ ಪ್ರೊಪೆಲ್ಲರ್ ಮಾಡುತ್ತದೆ. ಇದರಿಂದ ಸವಾರನ ಎರಡೂ ಕೈಗಳು ಗಾಳದ ಕೋಲನ್ನು ಹಿಡಿಯಲು ಬಿಡುವಾಗಿರುತ್ತವೆ. ನಗರಗಳ ಕೆರೆಗಳಲ್ಲಿ ವಿಹಾರಕ್ಕೆ ಬಳಸುವ ಹಂಸಾಕಾರದ ಪೆಡಲ್ ದೋಣಿಗಳಿಗೂ ಇದಕ್ಕೂ ತುಳಿಯುವುದೊಂದನ್ನು ಬಿಟ್ಟರೆ ರಚನೆಯಲ್ಲಿ ಹೆಚ್ಚಿನ ಹೋಲಿಕೆಯಿಲ್ಲ.

ಕೈಗೆ ದೊರೆತ ಈ ಬಿಡುವಿಗೆ ಪ್ರತಿಯಾಗಿ ದೋಣಿಯ ಅಡಿಯಲ್ಲಿ ಒಂದು ಹೊಸ ತೊಡಕು ಸೇರಿಕೊಳ್ಳುತ್ತದೆ. ಹುಟ್ಟಿನ ಕಯಾಕು ಗೇಣುದ್ದ ನೀರಿನಲ್ಲೂ ತೇಲಿಹೋಗಬಲ್ಲದು. ಪೆಡಲ್ ಕಯಾಕಿನ ರೆಕ್ಕೆಗಳೋ ಒಡಲಿನಿಂದ ಒಂದರಿಂದ ಒಂದೂವರೆ ಅಡಿಯಷ್ಟು ಕೆಳಗೆ ಚಾಚಿಕೊಂಡಿರುತ್ತವೆ. ಕಲ್ಲು, ಮುಳುಗಿದ ಜಾಲಿಮರ, ಅಂತರಗಂಗೆ, ಮೀನುಗಾರರು ಇಳಿಬಿಟ್ಟ ಬಲೆ ಇವೆಲ್ಲಕ್ಕೂ ಮೊದಲು ತಗಲುವುದು ಅವೇ. ಆದುದರಿಂದ ಹೊಸದಾಗಿ ಈ ದೋಣಿಯನ್ನು ಕೊಂಡವರು ಕಲಿಯಬೇಕಾದದ್ದರಲ್ಲಿ ತುಳಿಯುವುದು ಅತ್ಯಲ್ಪ ಭಾಗ; ಉಳಿದದ್ದೆಲ್ಲ ದೋಣಿಯ ಕೆಳಗೆ ಏನಿದೆ ಮತ್ತು ಅದು ಯಾರದು ಎಂಬುದಕ್ಕೆ ಸಂಬಂಧಿಸಿದ್ದು. ಕಲಬುರಗಿ ನಗರ ಮತ್ತು ಕಮಲಾಪುರ ಭಾಗದ ಜಲಾಶಯಗಳಂತಹ ಒಳನಾಡಿನ ನೀರಿನಲ್ಲಿ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಹಿನ್ನೆಲೆ

ಕಯಾಕ್ ಮೂಲತಃ ಉತ್ತರ ಧ್ರುವ ಪ್ರದೇಶದ ಇನ್ಯೂಟ್, ಯೂಪಿಕ್ ಮತ್ತು ಅಲ್ಯೂಟ್ ಜನರ ಬೇಟೆಯ ದೋಣಿ. ತೇಲಿಬಂದ ಮರ ಅಥವಾ ತಿಮಿಂಗಿಲದ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಅದನ್ನು ಕಟ್ಟುತ್ತಿದ್ದರು. ಇಂದಿನ ಮೀನುಗಾರಿಕಾ ಕಯಾಕುಗಳು ಬಹುಪಾಲು ಪಾಲಿಎಥಿಲೀನ್ ಪ್ಲಾಸ್ಟಿಕ್‌ನವು. ಪ್ಲಾಸ್ಟಿಕ್ ಪುಡಿಯನ್ನು ಲೋಹದ ಅಚ್ಚಿನೊಳಗೆ ಹಾಕಿ, ಅಚ್ಚನ್ನು ಕಾಯಿಸುತ್ತಾ ತಿರುಗಿಸಿದಾಗ ಪುಡಿಯು ಕರಗಿ ಒಳಗೋಡೆಗೆ ಅಂಟಿಕೊಂಡು ಟೊಳ್ಳಾದ ಒಡಲು ಸಿದ್ಧವಾಗುತ್ತದೆ. ಮನೆಗಳ ತಾರಸಿಯ ಮೇಲಿರುವ ಕಪ್ಪು ನೀರಿನ ಟ್ಯಾಂಕುಗಳನ್ನು ತಯಾರಿಸುವ ವಿಧಾನವೂ ಇದೇ ಆಗಿದೆ.

ಕಾಲಿನಿಂದ ದೋಣಿ ನಡೆಸುವ ಪ್ರಯತ್ನಗಳು ಹಳೆಯವೇ ಆದರೂ ಕಯಾಕಿಗೆ ಅವು ಯಶಸ್ವಿಯಾಗಿ ಒಗ್ಗಿದ್ದು 1990ರ ದಶಕದಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯದ ಹೋಬಿ ಕ್ಯಾಟ್ ಸಂಸ್ಥೆಯು ವಿನ್ಯಾಸಕಾರ ಗ್ರೆಗ್ ಕೆಟರ್‌ಮನ್ ರೂಪಿಸಿದ ‘ಮಿರಾಜ್ ಡ್ರೈವ್’ ಎಂಬ ರೆಕ್ಕೆಯ ವ್ಯವಸ್ಥೆಯನ್ನು 1997ರಲ್ಲಿ ಮಾರುಕಟ್ಟೆಗೆ ತಂದಿತು. ಪೆಂಗ್ವಿನ್ ಹಕ್ಕಿ ನೀರಿನೊಳಗೆ ರೆಕ್ಕೆ ಬಡಿಯುವ ರೀತಿಯನ್ನು ಇದಕ್ಕೆ ಹೋಲಿಸುವುದುಂಟು. ಮೊದಲಿನ ಮಾದರಿಗಳು ಮುಂದಕ್ಕೆ ಮಾತ್ರ ಚಲಿಸುತ್ತಿದ್ದವು. ಹಿಂದಕ್ಕೂ ಹೋಗಬಲ್ಲ ಮಾದರಿಗಳು ಬಂದದ್ದು ಅನಂತರ. ನೇಟಿವ್ ವಾಟರ್‌ಕ್ರಾಫ್ಟ್, ಓಲ್ಡ್ ಟೌನ್ ಮೊದಲಾದ ಸಂಸ್ಥೆಗಳು ಪ್ರೊಪೆಲ್ಲರ್ ಮಾರ್ಗವನ್ನು ಆಯ್ದುಕೊಂಡವು.

ಚಾಲನಾ ವ್ಯವಸ್ಥೆ

ರೆಕ್ಕೆಯ ವ್ಯವಸ್ಥೆಯಲ್ಲಿ ಎರಡು ಪೆಡಲುಗಳನ್ನು ಒಂದಾದ ಮೇಲೊಂದರಂತೆ ಮುಂದಕ್ಕೆ ಒತ್ತಬೇಕು. ಸೈಕಲ್ಲಿನಂತೆ ಇಲ್ಲಿ ಕಾಲು ಸುತ್ತುವುದಿಲ್ಲ. ಪ್ರತಿ ಒತ್ತಿಗೂ ತಳದ ಎರಡು ಮೆತ್ತನೆಯ ರೆಕ್ಕೆಗಳು ಎಡಬಲಕ್ಕೆ ಬೀಸುತ್ತವೆ. ಬೀಸುವಾಗ ನೀರಿನ ಒತ್ತಡಕ್ಕೆ ಬಾಗಿ, ನೀರನ್ನು ಹಿಂದಕ್ಕೆ ತಳ್ಳುತ್ತವೆ. ಒಂದು ಪೆಡಲನ್ನು ಪೂರ್ತಿ ಮುಂದಕ್ಕೆ ಒತ್ತಿ ಹಿಡಿದರೆ ಎರಡೂ ರೆಕ್ಕೆಗಳು ಒಡಲಿಗೆ ಒರಗಿಕೊಳ್ಳುತ್ತವೆ. ಆಳವಿಲ್ಲದ ಕಡೆ ದೋಣಿಯನ್ನು ತೇಲಿಸಿಕೊಂಡು ಹೋಗಲು ಇಷ್ಟೇ ಸಾಕು. ಈ ಒಂದು ಅಭ್ಯಾಸ ಕಾಲಿಗೆ ಮೈಗೂಡುವವರೆಗೆ ದಡದ ಸಮೀಪ ಸುಳಿಯದಿರುವುದು ಲೇಸು.

ಪ್ರೊಪೆಲ್ಲರ್ ವ್ಯವಸ್ಥೆಯಲ್ಲಿ ತುಳಿತವು ಸೈಕಲ್ಲಿನಂತೆಯೇ ವೃತ್ತಾಕಾರವಾಗಿದೆ. ಪೆಡಲು ಒಂದು ಸುತ್ತು ತಿರುಗಿದಾಗ ಪ್ರೊಪೆಲ್ಲರ್ ಹಲವು ಸುತ್ತು, ಕೆಲವು ಮಾದರಿಗಳಲ್ಲಿ ಸುಮಾರು 10 ಸುತ್ತು, ತಿರುಗುತ್ತದೆ. ಹಿಂದಕ್ಕೆ ತುಳಿದರೆ ದೋಣಿ ತಕ್ಷಣ ಹಿಂದಕ್ಕೆ ಸರಿಯುತ್ತದೆ. ಮೀನು ಗಾಳಕ್ಕೆ ಸಿಕ್ಕಿ ದೋಣಿಯನ್ನು ಪೊದೆಯತ್ತ ಎಳೆಯುವಾಗ ಈ ಗುಣ ಬಹಳ ಉಪಯುಕ್ತವಾಗುತ್ತದೆ. ಆದರೆ ಪ್ರೊಪೆಲ್ಲರಿಗೆ ಅಂತರಗಂಗೆಯ ಬೇರು, ಜೊಂಡು, ನೈಲಾನ್ ದಾರ ಸುತ್ತಿಕೊಳ್ಳುವುದು ಹೆಚ್ಚು. ಆಳವಿಲ್ಲದ ಕಡೆ ಇಡೀ ಘಟಕವನ್ನು ಮೇಲಕ್ಕೆ ಎತ್ತಬೇಕಾಗುತ್ತದೆ. ಕಳೆ ತುಂಬಿದ ಕೆರೆಗಳಿಗೆ ರೆಕ್ಕೆಯೂ ತೆರೆದ ಜಲಾಶಯಗಳಿಗೆ ಪ್ರೊಪೆಲ್ಲರೂ ಅನುಕೂಲ ಎಂಬ ಸಾಮಾನ್ಯ ಅಭಿಪ್ರಾಯವಿದೆಯಾದರೂ ದಟ್ಟವಾದ ಅಂತರಗಂಗೆಯಲ್ಲಿ ಎರಡೂ ನಿರುಪಯೋಗಿಯೇ.

ತೋಳಿಗಿಂತ ತೊಡೆಯ ಸ್ನಾಯುಗಳು ದೊಡ್ಡವು. ಹಾಗಾಗಿ ಅಷ್ಟೇ ದೂರವನ್ನು ಪೆಡಲಿನಿಂದ ಕಡಿಮೆ ದಣಿವಿನಲ್ಲಿ ಕ್ರಮಿಸಬಹುದು. ಹಾಗೆಂದು ಬಲವಾಗಿ ತುಳಿದಷ್ಟೂ ವೇಗ ಹೆಚ್ಚುವುದಿಲ್ಲ. ನೀರನ್ನು ಸೀಳಿಕೊಂಡು ಹೋಗುವ ಯಾವುದೇ ದೋಣಿಗೆ ಅದರ ಉದ್ದವೇ ವೇಗದ ಮಿತಿಯನ್ನು ಹಾಕುತ್ತದೆ. 12 ಅಡಿ ಉದ್ದದ ದೋಣಿಗೆ ಈ ಮಿತಿ ಗಂಟೆಗೆ ಸುಮಾರು 8.5 ಕಿ.ಮೀ. ಅದನ್ನು ಸಮೀಪಿಸಿದಂತೆಲ್ಲ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ. ಗಂಟೆಗೆ 5 ಕಿ.ಮೀ. ಆಸುಪಾಸಿನ, ಅಂದರೆ ಬಿರುಸಾದ ನಡಿಗೆಯ ವೇಗವನ್ನು ಹೆಚ್ಚಿನವರು ಬಹಳ ಹೊತ್ತು ಕಾಯ್ದುಕೊಳ್ಳಬಲ್ಲರು.

ದೋಣಿಯ ದಿಕ್ಕನ್ನು ಬದಲಿಸುವುದು ಹಿಂತುದಿಯಲ್ಲಿರುವ ಚುಕ್ಕಾಣಿ. ಆಸನದ ಪಕ್ಕದ ಹಿಡಿಯನ್ನು ಒಂದು ಕೈಯಲ್ಲಿ ತಿರುಗಿಸಿ ಅದನ್ನು ನಿಯಂತ್ರಿಸಲಾಗುತ್ತದೆ. ದೋಣಿ ಚಲಿಸುತ್ತಿದ್ದರೆ ಮಾತ್ರ ಚುಕ್ಕಾಣಿ ಕೆಲಸ ಮಾಡುತ್ತದೆ ಎಂಬುದು ಹೊಸಬರ ಗಮನಕ್ಕೆ ತಡವಾಗಿ ಬರುವ ಸಂಗತಿ. ತುಳಿಯುವುದನ್ನು ನಿಲ್ಲಿಸಿ ಚುಕ್ಕಾಣಿಯನ್ನಷ್ಟೇ ತಿರುಗಿಸಿದವರು ಹೋಗಬಾರದ ಕಡೆಗೇ ನೇರವಾಗಿ ತೇಲಿಹೋಗುತ್ತಾರೆ.

ಹರಿಗೋಲು ಮತ್ತು ಕಯಾಕ್

ಕರ್ನಾಟಕದ ಒಳನಾಡಿನ ಮೀನುಗಾರಿಕೆಯ ದೋಣಿ ಹರಿಗೋಲು. ಕೆಲವೆಡೆ ಇದನ್ನು ತೆಪ್ಪ, ಪುಟ್ಟಿ ಎಂದೂ ಕರೆಯುವುದುಂಟು. ಬಿದಿರಿನ ಹೆಣಿಗೆಯ ಈ ದುಂಡು ದೋಣಿಗೆ ಹಿಂದೆ ಚರ್ಮವನ್ನು ಹೊದಿಸುತ್ತಿದ್ದರು; ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಳಕೆಯಲ್ಲಿವೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯನ್ನು ದಾಟಿಸುತ್ತಿದ್ದ ಬುಟ್ಟಿಯಾಕಾರದ ದೋಣಿಗಳನ್ನು ದಾಖಲಿಸಿದ್ದಾನೆ. ದೋಣಿ ನಡೆಸುವ ಕಾಯಕಕ್ಕೆ ಈ ನಾಡಿನಲ್ಲಿರುವ ಗೌರವಕ್ಕೆ ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರೇ ಸಾಕ್ಷಿ.

ಎರಡನ್ನೂ ಹೋಲಿಸಿದರೆ ಕಯಾಕಿನ ಕೊರತೆಗಳೂ ಎದ್ದು ಕಾಣುತ್ತವೆ. ಹರಿಗೋಲಿನ ತಳ ಚಪ್ಪಟೆಯಾಗಿದ್ದು ಅತಿ ಕಡಿಮೆ ನೀರಿನಲ್ಲಿ ತೇಲುತ್ತದೆ, ಬಲೆಯ ಮೇಲೆ ಹಾದುಹೋದರೂ ಅದಕ್ಕೆ ಸಿಕ್ಕಿಕೊಳ್ಳುವುದಿಲ್ಲ, ಒಬ್ಬರೇ ಹೊತ್ತು ಸಾಗಿಸಬಹುದು, ಊರಿನಲ್ಲೇ ದುರಸ್ತಿಯಾಗುತ್ತದೆ. ಪೆಡಲ್ ಕಯಾಕು ಮಾದರಿಗೆ ತಕ್ಕಂತೆ 35ರಿಂದ 60 ಕೆ.ಜಿ.ವರೆಗೆ ತೂಗುತ್ತದೆ; ಇಬ್ಬರಿಲ್ಲದೆ ವಾಹನದ ಮೇಲೇರಿಸುವುದು ಕಷ್ಟ. ಹರಿಗೋಲಿನಲ್ಲಿ ಹುಟ್ಟು ಹಾಕುವವನು ಬಲೆಯನ್ನೋ ಗಾಳವನ್ನೋ ಹಿಡಿಯಬೇಕಾದರೆ ಹುಟ್ಟನ್ನು ಕೆಳಗಿಡಲೇಬೇಕು. ಆಗ ದುಂಡು ದೋಣಿ ಗಾಳಿಗೆ ಗಿರಗಿರನೆ ತಿರುಗುತ್ತದೆ. ಪೆಡಲ್ ಕಯಾಕಿನ ಗೆಲುವು ಇರುವುದು ಈ ಒಂದು ಅಂಶದಲ್ಲಿ: ಗಾಳಿಗೆ ಎದುರಾಗಿ ಮೆಲ್ಲನೆ ತುಳಿಯುತ್ತಾ ಒಂದೇ ಜಾಗದಲ್ಲಿ ನಿಂತು ಎರಡೂ ಕೈಗಳಿಂದ ಮೀನನ್ನು ಎಳೆದುಕೊಳ್ಳಬಹುದು.

ರಾಜ್ಯದಲ್ಲಿ ಕಯಾಕ್ ಹೆಚ್ಚಾಗಿ ಕಾಣಸಿಗುವುದು ಕರಾವಳಿಯಲ್ಲಿ. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿಯ ಹಿನ್ನೀರಿನ ಕಾಂಡ್ಲಾ ಕಾಡುಗಳಲ್ಲಿ ಪ್ರವಾಸಿಗರಿಗಾಗಿ ಹುಟ್ಟಿನ ಕಯಾಕುಗಳಿವೆ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಜಲಸಾಹಸ ಕ್ರೀಡೆಗಳಲ್ಲಿ ತರಬೇತಿ ನೀಡುತ್ತದೆ. ದೋಣಿ ಕೊಳ್ಳುವ ಮೊದಲು ಇಂತಹ ಕಡೆ ಹುಟ್ಟಿನ ಕಯಾಕಿನಲ್ಲಿ ಒಂದೆರಡು ದಿನ ಕಳೆದವರಿಗೆ ಪೆಡಲ್ ಕಯಾಕು ಬೇಗ ಕೈವಶವಾಗುತ್ತದೆ.

ಕಲಬುರಗಿ–ಕಮಲಾಪುರ ಭಾಗದ ನೀರು

ಕಲಬುರಗಿ ಜಿಲ್ಲೆ ಭೀಮಾ ನದಿಯ ಕೊಳ್ಳಕ್ಕೆ ಸೇರಿದೆ. ನಗರದ ನಡುವೆ ಶರಣಬಸವೇಶ್ವರ ಕೆರೆ, ಜನರ ಮಾತಿನಲ್ಲಿ ಅಪ್ಪನ ಕೆರೆ, ಇದೆ. ನಗರದಿಂದ ಈಶಾನ್ಯಕ್ಕೆ ಹುಮನಾಬಾದ್ ರಸ್ತೆಯಲ್ಲಿ, ಭೌಗೋಳಿಕ ಸೂಚಿಕೆ ಪಡೆದ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. ಆ ತಾಲ್ಲೂಕಿನ ಬೆಳಕೋಟಾ ಬಳಿ ಗಂಡೋರಿ ನಾಲಾ ಜಲಾಶಯವಿದೆ. ಗಂಡೋರಿ ನಾಲೆ ಬೆಣ್ಣೆತೊರಾ ನದಿಯನ್ನು, ಬೆಣ್ಣೆತೊರಾ ಕಾಗಿಣಾ ನದಿಯನ್ನು, ಕಾಗಿಣಾ ಭೀಮೆಯನ್ನು ಸೇರುತ್ತವೆ. ಹೇರೂರು ಬಳಿಯ ಬೆಣ್ಣೆತೊರಾ ಜಲಾಶಯ ಕಲಬುರಗಿ ನಗರದ ಕುಡಿಯುವ ನೀರಿನ ಮೂಲಗಳಲ್ಲೊಂದು. ಆಳಂದ ತಾಲ್ಲೂಕಿನ ಕೋರಳ್ಳಿಯ ಅಮರ್ಜಾ, ಚಿಂಚೋಳಿ ತಾಲ್ಲೂಕಿನ ಕೆಳದಂಡೆ ಮುಲ್ಲಾಮಾರಿ ಜಲಾಶಯಗಳು ಉಳಿದ ಮುಖ್ಯ ಜಲರಾಶಿಗಳು. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿರುವುದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ದೋಣಿ ಇಳಿಸುವಂತಿಲ್ಲ.

ಈ ಜಲಾಶಯಗಳೆಲ್ಲ ಮಳೆಗಾಲದಲ್ಲಿ ತುಂಬಿ ಬೇಸಿಗೆಯ ಹೊತ್ತಿಗೆ ಇಳಿಯುತ್ತವೆ. ನೀರಿನ ಅಂಚು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ನವೆಂಬರಿನಲ್ಲಿ ಎರಡಾಳು ಆಳವಿದ್ದ ಕಡೆ ಏಪ್ರಿಲ್‌ನಲ್ಲಿ ಮರದ ಬುಡಗಳು ನೀರಿನ ಮಟ್ಟಕ್ಕೆ ಸರಿಯಾಗಿ ನಿಂತಿರಬಹುದು. ಮುಳುಗಡೆಯಾದ ಹೊಲಗಳ ಬದು, ಬಾವಿಯ ಕಟ್ಟೆ, ಜಾಲಿಯ ಗಿಡ ಮೇಲಿನಿಂದ ಕಾಣುವುದಿಲ್ಲ. ಅದೇ ಕಾರಣಕ್ಕೆ, ಹೊಸದಾಗಿ ಬಂದವರು ಬೇಸಿಗೆಯಲ್ಲಿ ನೀರು ತಗ್ಗಿದಾಗ ಒಮ್ಮೆ ಕಾಲ್ನಡಿಗೆಯಲ್ಲಿ ದಂಡೆಯನ್ನು ಸುತ್ತಿ, ತೊಡಕಿನ ಜಾಗಗಳನ್ನು ಗುರುತಿಸಿಕೊಂಡರೆ ತುಂಬಿದ ಜಲಾಶಯದ ತಳದ ನಕ್ಷೆ ಅವರ ಮನಸ್ಸಿನಲ್ಲಿ ಸಿದ್ಧವಾದಂತೆ. ಸೋನಾರ್ ಆಧಾರಿತ ಆಳಮಾಪಕ ಉಪಕರಣವೂ ಈ ಕೆಲಸ ಮಾಡುತ್ತದೆ. ಆದರೆ ಅದು ತೋರಿಸುವುದು ದೋಣಿ ಈಗಾಗಲೇ ತಲುಪಿದ ಜಾಗವನ್ನು.

ಭೀಮಾ ಮತ್ತು ಕೃಷ್ಣಾ ನದಿಗಳಲ್ಲಿ ಮೊಸಳೆಗಳಿವೆ. ನದಿಯ ಪಾತ್ರದಲ್ಲಿ, ಬ್ಯಾರೇಜುಗಳ ಹಿನ್ನೀರಿನಲ್ಲಿ ಅಭ್ಯಾಸ ಮಾಡುವುದು ಹೊಸಬರಿಗೆ ತಕ್ಕುದಲ್ಲ. ಬ್ಯಾರೇಜಿನ ಗೇಟುಗಳನ್ನು ತೆರೆದಾಗ ಉಂಟಾಗುವ ಸೆಳೆತವನ್ನು ಕಾಲಿನ ತುಳಿತದಿಂದ ಎದುರಿಸಲಾಗದು.

ಹೊಸ ಕಯಾಕಿನ ಮೊದಲ ಇಳಿಕೆ

ಸಿದ್ಧತೆ ದಡದ ಮೇಲೆಯೇ ಆರಂಭವಾಗುತ್ತದೆ. ಮೊದಲಿಗೆ ಆಸನ ಮತ್ತು ಪೆಡಲಿನ ನಡುವಿನ ಅಂತರವನ್ನು ಹೊಂದಿಸಬೇಕು. ಪೆಡಲನ್ನು ಪೂರ್ತಿ ಒತ್ತಿದಾಗ ಮೊಣಕಾಲು ತುಸು ಬಾಗಿರಬೇಕು. ಅಂತರ ಹೆಚ್ಚಾದರೆ ಸೊಂಟ ಎಡಬಲಕ್ಕೆ ಹೊರಳಿ ಬೆನ್ನುನೋವು ಬರುತ್ತದೆ. ಕಡಿಮೆಯಾದರೆ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಬಳಿಕ ಒಡಲಿನ ತಳದಲ್ಲಿರುವ ನೀರು ಬಸಿಯುವ ಬಿರಡೆಯನ್ನು ಬಿಗಿಯಾಗಿ ತಿರುಗಿಸಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಇದು ಕ್ಷುಲ್ಲಕವೆನಿಸಿದರೂ ಬಿರಡೆ ಮರೆತ ದೋಣಿ ತಕ್ಷಣ ಮುಳುಗುವುದಿಲ್ಲ. ಒಡಲೊಳಗೆ ನೀರು ನಿಧಾನವಾಗಿ ತುಂಬುತ್ತಾ, ದಡದಿಂದ ಬಹುದೂರ ಹೋದ ಮೇಲೆ ಒಮ್ಮೆಲೇ ಸಮತೋಲ ತಪ್ಪುತ್ತದೆ. ಕುಳಿತುಕೊಳ್ಳುವ ಜಾಗದಲ್ಲಿ ಕಾಣುವ ತೂತುಗಳು ಬೇರೆ. ಅವು ಒಡಲನ್ನು ದಾಟಿ ಹೊರಕ್ಕೆ ತೆರೆಯುವ ಕೊಳವೆಗಳಾಗಿದ್ದು, ಮೇಲೆ ಬಿದ್ದ ನೀರು ಅವುಗಳ ಮೂಲಕ ಕೆಳಗಿಳಿದುಹೋಗುತ್ತದೆ.

ಪೆಡಲ್ ಘಟಕವನ್ನು, ಹುಟ್ಟನ್ನು ಮತ್ತು ಗಾಳದ ಕೋಲುಗಳನ್ನು ದೋಣಿಗೆ ಗಟ್ಟಿಯಾದ ದಾರದಿಂದ ಕಟ್ಟಿಡುವುದು ವಾಡಿಕೆ. ದೋಣಿ ಮಗುಚಿದಾಗ ಘಟಕ ಕಳಚಿ ಬಿದ್ದರೆ ಅದು ಲೋಹದ ತೂಕಕ್ಕೆ ನೇರ ತಳ ಸೇರುತ್ತದೆ. ಅದರ ಬೆಲೆ ದೋಣಿಯ ಬೆಲೆಯ ಗಣನೀಯ ಪಾಲು. ಪೆಡಲ್ ಇದೆಯೆಂದು ಹುಟ್ಟನ್ನು ಮನೆಯಲ್ಲಿ ಬಿಟ್ಟುಬರುವುದು ಹೊಸಬರ ಸಾಮಾನ್ಯ ತಪ್ಪು. ಪೆಡಲ್ ಕಯಾಕಿಗೂ ಹುಟ್ಟು ಬೇಕೇಬೇಕು. ದಡದಿಂದ ಹೊರಡುವಾಗ, ದಡಕ್ಕೆ ಮರಳುವಾಗ, ರೆಕ್ಕೆಗೆ ಏನಾದರೂ ಸಿಕ್ಕಿಕೊಂಡಾಗ ಉಳಿಯುವ ಉಪಾಯ ಅದೊಂದೇ.

ಈ ಭಾಗದ ದಂಡೆಗಳಲ್ಲಿ ಬಹಳಷ್ಟು ಎರೆಮಣ್ಣಿನವು. ನೀರು ಈಗಷ್ಟೇ ಹಿಂದೆ ಸರಿದ ಎರೆಮಣ್ಣಿನ ಮೇಲೆ ಒಣ ಪದರವೊಂದು ಕಂಡರೂ ಕಾಲಿಟ್ಟರೆ ಮೊಣಕಾಲವರೆಗೆ ಹೂಳುತ್ತದೆ. ದೋಣಿಯನ್ನು ಉರುಳಿಸಿಕೊಂಡು ಬರುವ ಎರಡು ಗಾಲಿಯ ತಳ್ಳುಬಂಡಿಯೂ ಹೂತುಹೋಗುತ್ತದೆ. ಕಲ್ಲು ಹಾಸಿದ ಅಥವಾ ಮೊರಮಿನ ಇಳಿಜಾರನ್ನು ಹುಡುಕಿಕೊಳ್ಳಬೇಕು. ಮೀನುಗಾರರು ಹರಿಗೋಲು ಕಟ್ಟುವ ಜಾಗವೇ ಸಾಮಾನ್ಯವಾಗಿ ಅತ್ಯುತ್ತಮ ಇಳಿದಾಣ; ಅಲ್ಲಿ ಇಳಿಸುವ ಮೊದಲು ಅವರನ್ನು ಕೇಳುವುದು ಸೌಜನ್ಯ ಮಾತ್ರವಲ್ಲ, ಆ ದಿನ ಬಲೆಗಳು ಎಲ್ಲಿವೆ ಎಂದು ತಿಳಿಯುವ ದಾರಿಯೂ ಹೌದು.

ದೋಣಿಯನ್ನು ಮೊಣಕಾಲುದ್ದ ನೀರಿಗೆ ತಂದು, ಆಸನದ ಮೇಲೆ ಮೊದಲು ಕುಳಿತು, ಆಮೇಲೆ ಕಾಲುಗಳನ್ನು ಒಳಗೆಳೆದುಕೊಳ್ಳಬೇಕು. ಪೆಡಲ್ ಘಟಕವನ್ನು ಕೂರಿಸುವುದು ಆಳ ಸಾಕಷ್ಟಾದ ಮೇಲೆ. ದಡದಲ್ಲೇ ಕೂರಿಸಿ ದೋಣಿಯನ್ನು ಎಳೆದರೆ ರೆಕ್ಕೆಯ ಕಂಬಿ ಬಾಗುತ್ತದೆ, ಪ್ರೊಪೆಲ್ಲರಿನ ಅಲಗು ಮುರಿಯುತ್ತದೆ. ಮರಳುವಾಗ ಕ್ರಮ ತಿರುವುಮುರುವು.

ಮೊದಲ ದಿನ ಗಾಳವನ್ನು ಒಯ್ಯದೆ ಮಗುಚುವುದನ್ನೇ ಅಭ್ಯಾಸ ಮಾಡಬೇಕೆಂಬುದು ಅನುಭವಿಗಳ ಒಮ್ಮತದ ಸಲಹೆ. ಸಹಾಯಕ್ಕೆ ಒಬ್ಬರಿರುವಾಗ, ಎದೆಯುದ್ದದ ನೀರಿನಲ್ಲಿ ಬೇಕೆಂದೇ ದೋಣಿಯನ್ನು ಉರುಳಿಸಿ ಮತ್ತೆ ಹತ್ತಬೇಕು. ಮಗುಚಿದ ದೋಣಿಯ ಆಚೆ ಬದಿಯ ಅಂಚನ್ನು ತಳದ ಮೇಲಿನಿಂದ ಕೈಚಾಚಿ ಹಿಡಿದು, ಮೈಭಾರವನ್ನು ಹಿಂದಕ್ಕೆ ಹಾಕಿದರೆ ಅದು ಸರಿಯಾಗಿ ಮೇಲಾಗುತ್ತದೆ. ಬಳಿಕ ದೋಣಿಯ ಪಕ್ಕದಲ್ಲಿ ನೀರಿನ ಮೇಲೆ ಅಡ್ಡಲಾಗಿ ಚಾಚಿಕೊಂಡು, ಈಜುವಂತೆ ಕಾಲು ಬಡಿದು ಹೊಟ್ಟೆಯ ಮೇಲೆ ದೋಣಿಗೆ ಅಡ್ಡ ಬೀಳಬೇಕು; ಹೊಟ್ಟೆಯಿಂದ ಮಗ್ಗುಲಿಗೆ ಹೊರಳಿ ಕುಳಿತ ಮೇಲೆ ಕೊನೆಯಲ್ಲಿ ಕಾಲು ಒಳಗೆ. ತೋಳಿನ ಬಲದಿಂದ ನೇರ ಮೇಲೇರಲು ಹೊರಟರೆ ದೋಣಿ ಮತ್ತೆ ಮೇಲೆ ಮಗುಚಿಕೊಳ್ಳುತ್ತದೆ. ಹತ್ತು ಅಡಿ ದೂರದಲ್ಲಿ ದಡವಿದ್ದಾಗ ಇದನ್ನು ಮಾಡಲಾಗದವರು ಜಲಾಶಯದ ನಡುವೆ ಮಾಡಲಾರರು.

ಲೈಫ್ ಜಾಕೆಟ್ ಧರಿಸದೆ ಹೊರಡಕೂಡದು. ಅಂತರರಾಷ್ಟ್ರೀಯ ಮಾನಕಗಳಲ್ಲಿ 50 ನ್ಯೂಟನ್ ತೇಲುಬಲದ ಉಡುಪು ಈಜು ಬಲ್ಲವರಿಗೆ, ದಡದ ಸಮೀಪದ ಬಳಕೆಗೆ ಮಾತ್ರ ಎಂದು ನಿರ್ದಿಷ್ಟವಾಗಿದೆ. ಈಜು ಬಾರದವರಿಗೆ 100 ನ್ಯೂಟನ್ ಅಥವಾ ಅದಕ್ಕೂ ಹೆಚ್ಚಿನದು ಬೇಕು. ದೋಣಿಯ ಹಿಂಭಾಗದಲ್ಲಿ ಮಡಚಿಟ್ಟ ಜಾಕೆಟ್ ಮಗುಚಿದ ಮೇಲೆ ಕೈಗೆ ಸಿಗುವುದಿಲ್ಲ.

ಮೀನು ಹಿಡಿಯುವ ಕ್ರಮ

ಕರ್ನಾಟಕದ ಜಲಾಶಯಗಳಲ್ಲಿ ಬಿತ್ತನೆ ಮಾಡುವ ಮುಖ್ಯ ಮೀನುಗಳು ಕಾಟ್ಲಾ, ರೋಹು ಮತ್ತು ಮೃಗಾಲ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವಿನ ನೀರಿನಲ್ಲಿ, ಮೃಗಾಲ ತಳದಲ್ಲಿ ಮೇಯುತ್ತವೆ. ಶೇಂಗಾ ಹಿಂಡಿ ಬೆರೆಸಿದ ಹಿಟ್ಟಿನ ಉಂಡೆಗೆ ಇವು ಬರುತ್ತವೆ. ಆದರೆ ಹಿಟ್ಟಿನ ಗಾಳಕ್ಕೆ ಒಂದೆಡೆ ಗಂಟೆಗಟ್ಟಲೆ ಕಾಯಬೇಕು. ಆ ಕೆಲಸಕ್ಕೆ ದಡವೇ ಸಾಕು, ಪೆಡಲ್ ದೋಣಿ ಬೇಕಿಲ್ಲ.

ಪೆಡಲ್ ಕಯಾಕಿನ ಅನುಕೂಲ ಕಾಣುವುದು ಬೇಟೆಗಾರ ಮೀನುಗಳ ವಿಷಯದಲ್ಲಿ. ಕೊರವ ಮೀನು ಕಳೆಯ ಅಂಚಿನಲ್ಲಿ ಹೊಂಚು ಹಾಕುತ್ತದೆ, ಆಗಾಗ ಮೇಲೆದ್ದು ಗಾಳಿ ನುಂಗುತ್ತದೆ. ಆ ಗುಳ್ಳೆಯೇ ಅದರ ಸುಳಿವು. ದಡದಿಂದ ತಲುಪಲಾಗದ ಕಳೆಯ ಹೊರ ಅಂಚಿಗೆ ಸದ್ದಿಲ್ಲದೆ ಸಾಗಿ, ಕಪ್ಪೆಯಾಕಾರದ ಕೃತಕ ಎರೆಯನ್ನು ಅಲ್ಲಿಗೆ ಎಸೆಯಬಹುದು. ಬಾಳೆ ಮೀನು ಆಳದ ಹಳ್ಳದಲ್ಲಿರುತ್ತದೆ, ಕತ್ತಲಾಗುತ್ತಿದ್ದಂತೆ ಬೇಟೆಗೆ ಹೊರಡುತ್ತದೆ. ನಿಧಾನವಾಗಿ ತುಳಿಯುತ್ತಾ ದೋಣಿಯ ಹಿಂದೆ ಕೃತಕ ಎರೆಯನ್ನು ಎಳೆದುಕೊಂಡು ಹೋಗುವ ವಿಧಾನ ಇದಕ್ಕೆ ಹೊಂದುತ್ತದೆ. ಹುಟ್ಟಿನ ದೋಣಿಯಲ್ಲಿ ಒಬ್ಬರೇ ಇದನ್ನು ಮಾಡುವುದು ಸುಲಭವಲ್ಲ. ದೊಡ್ಡ ಮೀನು ಸಿಕ್ಕಾಗ ಗಾಳದ ಕೋಲನ್ನು ದೋಣಿಯ ಮುಂತುದಿಯ ಕಡೆಗೆ ತಿರುಗಿಸಿಟ್ಟುಕೊಂಡರೆ ದೋಣಿ ಮೀನಿನ ಹಿಂದೆ ನೇರವಾಗಿ ಎಳೆಯಲ್ಪಡುತ್ತದೆ. ಪಕ್ಕಕ್ಕೆ ಎಳೆಯಲು ಬಿಟ್ಟರೆ ವಾಲುತ್ತದೆ. ಮೀನನ್ನು ಮೇಲೆತ್ತುವಾಗ ತಲೆಯನ್ನು ದೋಣಿಯ ಅಂಚಿನಿಂದ ಹೊರಗೆ ಚಾಚದಿರುವುದು ಮುಖ್ಯ. ತಲೆ ಹೋದ ಕಡೆ ಮೈ ಹೋಗುತ್ತದೆ.

ಲಂಗರನ್ನು ದೋಣಿಯ ನಡುಭಾಗಕ್ಕೆ ಕಟ್ಟಬಾರದು. ಮುಂತುದಿ ಅಥವಾ ಹಿಂತುದಿಗೇ ಕಟ್ಟಬೇಕು. ನಡುವಿಗೆ ಕಟ್ಟಿದರೆ ಗಾಳಿಗೆ ದೋಣಿ ಅಡ್ಡಲಾಗಿ ನಿಂತು ಅಲೆ ಒಳನುಗ್ಗುತ್ತದೆ.

ಬಲೆ, ಗುತ್ತಿಗೆ ಮತ್ತು ಅನುಮತಿ

ಜಲಾಶಯದಲ್ಲಿರುವ ಮೀನು ಯಾರೂ ಹಿಡಿಯಬಹುದಾದ ಸೊತ್ತು ಎಂಬ ಭಾವನೆ ಹವ್ಯಾಸಿಗಳಲ್ಲಿ ವ್ಯಾಪಕವಾಗಿದೆ. ಅದು ಸರಿಯಲ್ಲ. ಕಾಟ್ಲಾ, ರೋಹು, ಮೃಗಾಲಗಳು ಮಳೆಗಾಲದ ಹರಿಯುವ ನೀರಿನಲ್ಲಿ ಮೊಟ್ಟೆಯಿಡುವ ಮೀನುಗಳು. ನಿಂತ ನೀರಿನ ಕೆರೆಗಳಲ್ಲಿ ತಾವಾಗಿ ವೃದ್ಧಿಸುವುದಿಲ್ಲ. ಅಲ್ಲಿ ಸಿಗುವ ಮೀನು ಬಹುಪಾಲು ಯಾರೋ ಹಣ ಕೊಟ್ಟು ಮರಿ ತಂದು ಬಿಟ್ಟು ಬೆಳೆಸಿದ್ದು. ಕರ್ನಾಟಕದಲ್ಲಿ ಒಳನಾಡು ಮೀನುಗಾರಿಕೆಯನ್ನು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ ನಿಯಂತ್ರಿಸುತ್ತದೆ. ಕೆರೆ, ಜಲಾಶಯಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆಯು ಮೀನುಗಾರರ ಸಹಕಾರ ಸಂಘಗಳಿಗೆ ಅಥವಾ ಇತರರಿಗೆ ಗುತ್ತಿಗೆ ಇಲ್ಲವೇ ಪರವಾನಗಿಯ ಮೂಲಕ ನೀಡುತ್ತದೆ. ಸಣ್ಣ ಕೆರೆಗಳು ಗ್ರಾಮ ಪಂಚಾಯಿತಿಗಳ ವಶದಲ್ಲಿವೆ. ಗಾಳ ಹಾಕಲು ಬಯಸುವವರು ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಗುತ್ತಿಗೆದಾರರ ಒಪ್ಪಿಗೆಯನ್ನೂ ಪಡೆಯಬೇಕು. ಅಣೆಕಟ್ಟು ಮತ್ತು ಅದರ ಪರಿಸರ ನೀರಾವರಿ ಅಧಿಕಾರಿಗಳ ಅಧೀನದಲ್ಲಿರುವುದರಿಂದ ದೋಣಿ ಇಳಿಸಲು ಅವರ ಅನುಮತಿಯೂ ಬೇಕಾಗುತ್ತದೆ. ಕುಡಿಯುವ ನೀರಿನ ಮೂಲವಾದ ಜಲಾಶಯಗಳಲ್ಲಿ ಈ ವಿಚಾರಣೆ ಇನ್ನೂ ಮುಖ್ಯ. ದೋಣಿಗೆ ಸಂಬಂಧಿಸಿದಂತೆ, 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ಯಂತ್ರಚಾಲಿತವಲ್ಲದ ದೋಣಿಗಳಿಗೂ ಪ್ರತ್ಯೇಕ ಅಧ್ಯಾಯವಿದೆ.

ಕಲಬುರಗಿ ಭಾಗದಲ್ಲಿ ಮೀನುಗಾರಿಕೆಯನ್ನು ನೆಚ್ಚಿದವರು ಕೋಲಿ, ಕಬ್ಬಲಿಗ, ಅಂಬಿಗ ಮುಂತಾದ ಹೆಸರುಗಳಿಂದ ಗುರುತಿಸಿಕೊಳ್ಳುವ ಸಮುದಾಯಗಳವರು. ಮೀನಿನ ಕಿವಿರು ಸಿಕ್ಕಿಕೊಳ್ಳುವಂತಹ ಸಣ್ಣ ನೈಲಾನ್ ಬಲೆಗಳನ್ನು ಸಂಜೆ ಇಳಿಬಿಟ್ಟು ಬೆಳಗಿನ ಜಾವ ಎತ್ತುವುದು ಸಾಮಾನ್ಯ ಪದ್ಧತಿ. ಹವ್ಯಾಸಿ ದೋಣಿಗಾರರು ನೀರಿಗಿಳಿಯುವುದೂ ಬಹುಮಟ್ಟಿಗೆ ಆ ಎರಡು ಹೊತ್ತಿನಲ್ಲೇ. ಥರ್ಮೋಕೋಲ್ ತುಂಡು, ಖಾಲಿ ಪ್ಲಾಸ್ಟಿಕ್ ಬಾಟಲಿ ಸಾಲಾಗಿ ತೇಲುತ್ತಿದ್ದರೆ ಅದು ಕಸವಲ್ಲ, ಬಲೆಯ ಗುರುತು. ಸಾಲಿನ ತುದಿಯನ್ನು ಹುಡುಕಿ ಸುತ್ತಿಕೊಂಡು ಹೋಗಬೇಕು. ದಾಟಲೇಬೇಕಾದರೆ ಎರಡು ತೇಲುಗಳ ನಡುವೆ, ಬಲೆ ತುಸು ತಗ್ಗಿರುವ ಕಡೆ, ರೆಕ್ಕೆಗಳನ್ನು ಒಡಲಿಗೆ ಒರಗಿಸಿ ಅಥವಾ ಪ್ರೊಪೆಲ್ಲರನ್ನು ಎತ್ತಿ, ಚುಕ್ಕಾಣಿಯನ್ನೂ ಮೇಲಕ್ಕೆಳೆದು ಹುಟ್ಟಿನಿಂದ ದಾಟಬೇಕು. ಬಲೆ ಸಿಕ್ಕಿಕೊಂಡರೆ ಮತ್ತಷ್ಟು ತುಳಿಯುವುದರಿಂದ ಗಂಟು ಬಿಗಿಯುತ್ತದೆ. ತುಳಿತ ನಿಲ್ಲಿಸಿ, ಘಟಕವನ್ನೇ ಮೇಲಕ್ಕೆತ್ತಿ ಮಡಿಲಲ್ಲಿಟ್ಟುಕೊಂಡು ಬಿಡಿಸಬೇಕು. ಚಾಕು ಕೈಯಲ್ಲಿರುವುದು ಪ್ರಾಣಾಪಾಯಕ್ಕಾಗಿ. ಕತ್ತರಿಸಿದ ಬಲೆ ಒಂದು ಕುಟುಂಬದ ಆ ದಿನದ ದುಡಿಮೆ ಮಾತ್ರವಲ್ಲ, ತಳ ಸೇರಿದ ಅದರ ತುಂಡು ತಿಂಗಳುಗಟ್ಟಲೆ ಮೀನುಗಳನ್ನು ಸುಮ್ಮನೆ ಕೊಲ್ಲುತ್ತಿರುತ್ತದೆ. ಹಾನಿಯಾದರೆ ದಡದಲ್ಲಿ ಬಲೆಯವರನ್ನು ಕಂಡು ನಷ್ಟ ತುಂಬಿಕೊಡುವುದು ರೂಢಿ.

ಗಾಳಿ ಮತ್ತು ಬಿಸಿಲು

ಅಕ್ಟೋಬರಿನಿಂದ ಫೆಬ್ರವರಿವರೆಗಿನ ಕಾಲ ಈ ಪ್ರದೇಶದಲ್ಲಿ ಅತ್ಯಂತ ಅನುಕೂಲಕರ. ಬೇಸಿಗೆಯಲ್ಲಿ ಕಲಬುರಗಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನೀರಿನ ಮೇಲೆ ನೆರಳಿಲ್ಲ, ಪ್ರತಿಫಲಿಸಿದ ಬಿಸಿಲೂ ಸೇರುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ದಡ ಸೇರುವುದು ಒಳಿತು. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ನಂತರ ಏಳುವ ಗುಡುಗು–ಗಾಳಿ ಅತ್ಯಂತ ಅಪಾಯಕಾರಿ. ಅದು ಹತ್ತಿಪ್ಪತ್ತು ನಿಮಿಷಗಳಲ್ಲಿ ಶಾಂತ ನೀರನ್ನು ಕಲಕಿಬಿಡುತ್ತದೆ, ತೆರೆದ ನೀರಿನ ಮೇಲೆ ಕುಳಿತವರೇ ಸಿಡಿಲಿಗೆ ಎತ್ತರದ ಗುರಿಯಾಗುತ್ತಾರೆ.

ಹೊರಡುವಾಗ ಗಾಳಿಗೆ ಎದುರಾಗಿ ಸಾಗಬೇಕು. ಹಾಗೆ ಮಾಡಿದರೆ ದಣಿದು ಮರಳುವಾಗ ಗಾಳಿ ಬೆನ್ನಿಗಿರುತ್ತದೆ. ಅಲೆಗಳ ತುದಿ ಮುರಿದು ಬಿಳಿ ನೊರೆ ಕಾಣತೊಡಗಿತೆಂದರೆ ಗಾಳಿಯ ವೇಗ ಗಂಟೆಗೆ 12 ಕಿ.ಮೀ. ಮೀರಿದೆ ಎಂದರ್ಥ, ಹೊಸಬರು ಹಿಂತಿರುಗಲು ಅದೇ ಸೂಚನೆ. ಎಲ್ಲಿ ಇಳಿಯುತ್ತಿದ್ದೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ದಡದಲ್ಲಿರುವ ಒಬ್ಬರಿಗೆ ಹೇಳಿ ಹೋಗುವುದು, ಮೊಬೈಲನ್ನು ನೀರು ಹೋಗದ ಚೀಲದಲ್ಲಿಟ್ಟು ದೋಣಿಗಲ್ಲದೆ ಮೈಗೆ ಕಟ್ಟಿಕೊಳ್ಳುವುದು ಅಗತ್ಯ. ತುರ್ತು ಕರೆಗೆ 112 ಸಂಖ್ಯೆ ಇದೆ.

ನಿರ್ವಹಣೆ

ಮೊದಲ ಒಂದೆರಡು ಬಳಕೆಯ ನಂತರ ತಿರುಪುಗಳು ಸಡಿಲಗೊಳ್ಳುವುದು ಸಹಜ. ಎಲ್ಲವನ್ನೂ ಮತ್ತೊಮ್ಮೆ ಬಿಗಿಗೊಳಿಸಬೇಕು. ಎರೆಮಣ್ಣಿನ ಕೆಸರು ಒಣಗಿದರೆ ಗಟ್ಟಿಯಾಗಿ ಸರಪಳಿ ಮತ್ತು ಬೇರಿಂಗುಗಳ ಸಂದಿಯಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ದಡದಲ್ಲೇ, ಅದು ಹಸಿಯಿರುವಾಗಲೇ, ತೊಳೆಯುವುದು ಮೇಲು. ಪ್ರೊಪೆಲ್ಲರನ್ನು ಆಗಾಗ ಬಿಚ್ಚಿ ದಂಡಕ್ಕೆ ಸುತ್ತಿದ ಗಾಳದ ದಾರವನ್ನು ತೆಗೆಯಬೇಕು. ಅದು ಒಳಗಿನ ರಬ್ಬರ್ ಮುದ್ರೆಯನ್ನು ಕೊಯ್ದು ನೀರನ್ನು ಒಳಬಿಡುತ್ತದೆ.

ಪಾಲಿಎಥಿಲೀನ್ ಒಡಲಿಗೆ ದೊಡ್ಡ ಶತ್ರು ಬಿಸಿಲು. ಕಾರಿನ ಮೇಲೆ ಬಿಗಿಯಾಗಿ ಕಟ್ಟಿ ಮಧ್ಯಾಹ್ನದ ಬಿಸಿಲಿನಲ್ಲಿ ಬಿಟ್ಟ ದೋಣಿಯ ತಳ ಮೆತ್ತಗಾಗಿ, ಪಟ್ಟಿಯ ಒತ್ತಡಕ್ಕೆ ತಗ್ಗು ಬೀಳುತ್ತದೆ. ಮನೆ ತಲುಪಿದ ಕೂಡಲೇ ಪಟ್ಟಿಗಳನ್ನು ಸಡಿಲಿಸಿ, ಒಳಗಿನ ಬಿಸಿಗಾಳಿ ಹೊರಹೋಗುವಂತೆ ಬಿರಡೆಯನ್ನು ತೆರೆದು, ನೆರಳಿನಲ್ಲಿ ಮಗುಚಿಡಬೇಕು. ಬಿದ್ದ ಸಣ್ಣ ತಗ್ಗುಗಳನ್ನು ಆ ಬಿಸಿಲಿನಿಂದಲೇ ಸರಿಪಡಿಸಲೂಬಹುದು: ತಗ್ಗನ್ನು ಮೇಲ್ಮುಖವಾಗಿಟ್ಟು ಒಂದು ಮಧ್ಯಾಹ್ನ ಕಾಯಿಸಿ, ಒಳಗಿನಿಂದ ಕೈಯಿಂದ ಒತ್ತಿದರೆ ಒಡಲು ಬಹುಮಟ್ಟಿಗೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಹೊಸ ಹಂಗಾಮಿನ ಮೊದಲ ಇಳಿಕೆಗೆ ಮುನ್ನ ಆ ಬಿರಡೆಯನ್ನು ಮತ್ತೆ ಹಾಕಿರುವುದನ್ನು ನೋಡಿಕೊಳ್ಳಬೇಕು.